ಗಾಜುತಲೆಯವರ ದುಭಾಷಿ

ನಮ್ಮ ಕಡೆಯವರು ಮೂರು ಭಾಷೆಯ ಜನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಕಡತ ತೆರೆದರೆ ಇಂಗ್ಲಿಷ್. ಮೂರನೆಯದಕ್ಕೆ ನಮ್ಮ ವಂಶದಲ್ಲಿ ನಾನೊಬ್ಬನೇ ಅಧಿಕೃತ ಪ್ರತಿನಿಧಿ. ಮೇಟೂರಿನ ಒಂದು ಕಚೇರಿಯಲ್ಲಿ ಬಹುಕಾಲ ಗುಮಾಸ್ತನಾಗಿದ್ದೆ. ಆಸ್ಪತ್ರೆಯ ಚೀಟಿ, ಬ್ಯಾಂಕಿನ ಕಾಗದ, ಔಷಧದ ಡಬ್ಬಿಯ ಮೇಲಿನ ಸಣ್ಣಕ್ಷರ ಎಲ್ಲವೂ ನನ್ನ ಸನ್ನಿಧಾನಕ್ಕೇ ಬರುತ್ತಿದ್ದವು. ನಾನು ಹೇಳಿದ್ದೇ ಅರ್ಥ. ಆ ಪದವಿಯಿಂದ ನಾನು ಹೇಗೆ ಕೆಳಗಿಳಿದೆ ಎಂಬುದನ್ನು ದಾಖಲೆಗೋಸ್ಕರ ಬರೆದಿಡುತ್ತಿದ್ದೇನೆ.

ಅಕ್ಕ ಇರುವುದು ಕೊಳತ್ತೂರಿನಲ್ಲಿ. ಭಾವ ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಸಂಜೆ ಮನೆಗೆ ಬರುವಾಗ ಹುಬ್ಬೆಲ್ಲ ಬೆಳ್ಳಗಿರುತ್ತಿತ್ತು. ಒಂದು ಮಧ್ಯಾಹ್ನ ಎದೆ ಹಿಡಿದಂತಾಗುತ್ತದೆ ಎಂದು ಗಿರಣಿ ನಿಲ್ಲಿಸಿ ಬಂದರು. ವಾಯು ಇರಬೇಕು ಎಂದುಕೊಂಡು ಅಕ್ಕ ನಿಂಬೆಹಣ್ಣು ಹಿಂಡಿ ಸೋಡಾ ಕುಡಿಸಿ ಮಲಗಿಸಿದಳು. ಮರುದಿನ ಬೆಳಿಗ್ಗೆ ಸೇಲಂಗೆ ಕರೆದುಕೊಂಡು ಹೋದೆವು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು. ಡಾಕ್ಟರು ಉತ್ತರದ ಕಡೆಯ ಹುಡುಗ. ತಮಿಳೂ ಬಾರದು, ಕನ್ನಡವಂತೂ ಕೇಳಿಯೂ ಇರಲಿಕ್ಕಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿದ. ನಾನು ಅದನ್ನು ಅಕ್ಕನಿಗೆ ಕನ್ನಡದಲ್ಲಿ ದಾಟಿಸಿದೆ: ನೆನ್ನೆಯೇ ತಂದಿದ್ದರೂ ಉಳಿಯುತ್ತಿರಲಿಲ್ಲವಂತೆ.

ಅಕ್ಕ ಬದುಕಿದ್ದೇ ಆ ವಾಕ್ಯದ ಮೇಲೆ. ಹದಿನಾರನೆಯ ದಿನದ ಕಾರ್ಯಕ್ಕೆ ಬಂದ ನೆಂಟರೊಬ್ಬರು ಒಂದು ದಿನ ಮೊದಲೇ ತೋರಿಸಿದ್ದರೆ ಎಂದು ಲೆಕ್ಕ ಶುರುಮಾಡಿದಾಗ ಅವಳು ಅಲ್ಲಿಗೇ ಕತ್ತರಿಸಿದಳು. "ಡಾಕ್ಟ್ರೇ ಅಂದವ್ರೆ. ನನ್ ತಮ್ಮ ಇಂಗ್ಲೀಸು ಕಲ್ತೋನು, ಕೇಳ್ಕೊಂಡು ಬಂದವ್ನೆ."

ಆಮೇಲೆ ಅವಳಿಗೆ ತಮಿಳು ಧಾರಾವಾಹಿಗಳನ್ನು ನೋಡಲಾಗಲಿಲ್ಲ. ಯಾವುದು ಹಾಕಿದರೂ ಅರ್ಧ ಗಂಟೆಯೊಳಗೆ ಯಾರಾದರೊಬ್ಬಳ ತಾಳಿ ಇಳಿಯುತ್ತಿತ್ತು. ನಮ್ಮ ಜನವೇ ಇಲ್ಲದ ಯಾವುದಾದರೂ ಹಾಕು ಎಂದಳು. ಹಾಗೆ ಸಿಕ್ಕಿದ್ದು ಭಾನುವಾರ ಮಧ್ಯಾಹ್ನ ಇಂಗ್ಲಿಷ್ ಚಾನೆಲ್ಲೊಂದರಲ್ಲಿ ಬರುತ್ತಿದ್ದ ಬ್ರಿಟಿಷ್ ಧಾರಾವಾಹಿ. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಆ ದೇಶದಲ್ಲಿ ನಡೆಯುತ್ತಲೇ ಇದೆಯಂತೆ. ಒಂದು ಹಡಗು, ಅದು ನೀರಿನಲ್ಲಿ ಹೋಗುವುದಿಲ್ಲ, ಶತಮಾನದಿಂದ ಶತಮಾನಕ್ಕೆ ಹೋಗುತ್ತದೆ. ಕ್ಯಾಪ್ಟನ್ ಒಬ್ಬ ತೆಳ್ಳನೆಯ ಹೆಂಗಸು. ಚುಕ್ಕಾಣಿ ಹಿಡಿಯುವವನು ಬಿಳಿ ಹುಬ್ಬಿನ ಮುದುಕ. ಶತ್ರುಗಳು ಗಾಜಿನ ತಲೆಯವರು. ಅವರ ಯೋಚನೆಗಳು ಒಲೆಯ ಮೇಲಿನ ಸಾರಿನಂತೆ ಕುದಿಯುವುದು ಹೊರಗಿನಿಂದಲೇ ಕಾಣುತ್ತಿತ್ತು. ತಾಳಿಯ ಸುಳಿವೇ ಇರಲಿಲ್ಲ. ಅಕ್ಕನಿಗೆ ಹಿಡಿಸಿತು.

ಪ್ರತಿ ಭಾನುವಾರ ನಾನಿರುವ ಮೇಚೇರಿಯಿಂದ ಬಸ್ಸು ಹತ್ತಿ ಹೋಗುತ್ತಿದ್ದೆ. ಅವಳು ಟೀವಿ ನೋಡುವುದು, ನಾನು ಪಕ್ಕದಲ್ಲಿ ಕೂತು ಕನ್ನಡಿಸುವುದು. ಆ ಜನ ಆಡುತ್ತಿದ್ದ ಇಂಗ್ಲಿಷು ನನಗೆ ಅರ್ಥವಾಗುತ್ತಿರಲಿಲ್ಲ ಎಂದು ಇಲ್ಲಿ ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುತ್ತೇನೆ. ನನ್ನದು ಅರ್ಜಿಯ ಇಂಗ್ಲಿಷು. ಅದು ಕೂತಲ್ಲಿ ಕೂತಿರುತ್ತದೆ. ಅವರದ್ದು ತುಟಿ ಬಿಚ್ಚದೆ ಓಡುವಂಥದ್ದು. ಪರದೆಯ ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು, ನಿಜ; ಮೊದಲ ಸಾಲಿಗೆ ನಾನು ಕನ್ನಡ ಹುಡುಕುವಷ್ಟರಲ್ಲಿ ಹಡಗು ಎರಡು ಶತಮಾನ ದಾಟಿರುತ್ತಿತ್ತು. ಪದವಿಯ ಮರ್ಯಾದೆ ಉಳಿಸಬೇಕಲ್ಲ, ತಿಳಿಯದ ಕಡೆ ಕಟ್ಟಿ ಹೇಳಿದೆ. ವರ್ಷ ಕಳೆದಂತೆ ಕಟ್ಟಿದ್ದೇ ಹೆಚ್ಚಾಯಿತು.

ಒಂದು ಭಾನುವಾರ ಹಡಗಿಗೆ ಬೆಂಕಿ ಬಿತ್ತು. ಮುದುಕ ಒಂದು ಬಾಗಿಲ ಬಳಿ ನಿಂತು ಕ್ಯಾಪ್ಟನ್ ಕಡೆ ತಿರುಗಿ ಎರಡು ಮಾತಾಡಿದ, ಬಾಗಿಲು ಮುಚ್ಚಿಕೊಂಡ. ಅಷ್ಟು ಇಂಗ್ಲಿಷು ನನಗೂ ಅರ್ಥವಾಯಿತು. ಅಕ್ಕನನ್ನು ನೋಡಿದೆ. ಅವಳು ಆ ಬಿಳಿ ಹುಬ್ಬನ್ನೇ ನೋಡುತ್ತಿದ್ದಳು. ಏನಂದ ಎಂದು ಕೇಳಿದಳು. ಆ ಶತಮಾನದಲ್ಲಿ ಸ್ವಲ್ಪ ರಿಪೇರಿ ಕೆಲಸವಿದೆ, ಮುಗಿಸಿಕೊಂಡು ಬರುತ್ತೇನೆ ಅಂದ, ಎಂದೆ.

ಅಲ್ಲಿಂದ ಎಷ್ಟೋ ಭಾನುವಾರ "ಮುದ್ಕ ಬಂದ್ನೇನ್ಲಾ" ಎಂದು ಕೇಳಿದಳು. ನಾನು ಅವನಿಂದ ಸುದ್ದಿ ತರಿಸಿದೆ, ಕ್ಯಾಪ್ಟನ್ ಬಾಯಲ್ಲಿ ಅವನ ಕ್ಷೇಮ ಹೇಳಿಸಿದೆ.

ಹೋದ ವರ್ಷ ಆ ಧಾರಾವಾಹಿಯನ್ನು ಸಿನಿಮಾ ಮಾಡಿದರು. ಮಾಡಿಕೊಳ್ಳಲಿ. ಆದರೆ ತಮಿಳಿನಲ್ಲಿ ಡಬ್ ಮಾಡಿ ಮೇಟೂರಿಗೆ ತಂದರು. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಹಡಗಿನ ಚಿತ್ರ ನೋಡಿದ ಅಕ್ಕ ನನಗೆ ಫೋನು ಮಾಡಿದಳು. "ತಮಿಳ್ನಾಗೆ ಐತಂತೆ ಕಣ್ಲಾ. ನಿನ್ ಬಾಯ್ಗೂ ಒಂದಿನ ಲೀವು."

ನಾನು ಆಕ್ಷೇಪಣೆಗಳನ್ನು ಕ್ರಮವಾಗಿ ಮಂಡಿಸಿದೆ. ಏಸಿ ಅವಳ ಮಂಡಿಗೆ ಆಗುವುದಿಲ್ಲ. ಶಬ್ದ ಕಿವಿ ಒಡೆಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಸಿನಿಮಾದವರು ಮೂಲ ಕಥೆಯನ್ನು ಯಾವತ್ತೂ ಹಾಳು ಮಾಡುತ್ತಾರೆ, ನಾವು ನೋಡಿದ್ದು ಅದರಲ್ಲಿ ಇರುವುದಿಲ್ಲ. ಈ ಕೊನೆಯದನ್ನು ಒತ್ತಿ ಹೇಳಿದೆ. ಅದು ನನ್ನ ಜಾಮೀನು. ಅವಳು ಒಂದನ್ನೂ ಕೇಳಲಿಲ್ಲ.

ಮಧ್ಯಾಹ್ನದ ಆಟ. ಮೊದಲರ್ಧ ನನ್ನ ಜಾಮೀನು ನಡೆಯಿತು. ಗಾಜುತಲೆಯವರು ನಾನು ಹೇಳಿದಂತೆ ಉಪ್ಪಿಗಾಗಿ ಯುದ್ಧ ಮಾಡುತ್ತಿರಲಿಲ್ಲ. ಕ್ಯಾಪ್ಟನ್‌ಗೆ ನಾನು ಕೊಟ್ಟಿದ್ದ ಇಬ್ಬರು ತಂಗಿಯರು ಕಾಣೆಯಾಗಿದ್ದರು. ಅಕ್ಕ ನನ್ನ ಕಡೆ ಬಾಗಿದಾಗಲೆಲ್ಲ, ನೋಡು, ಬದಲಾಯಿಸಿದ್ದಾರೆ ಎಂದೆ. ಎಂಥ ಜನ ಇವರು ಎಂದು ಅವಳೂ ಬೈದಳು.

ಇಂಟರ್ವೆಲ್ ಆದ ಮೇಲೆ ಕ್ಯಾಪ್ಟನ್ ಹಳೆಯದನ್ನು ನೆನೆಸಿಕೊಳ್ಳುವ ಒಂದು ಜಾಗ ಬಂತು. ನೆನಪಿಗೆ ಅವರು ಹಳೆಯ ಧಾರಾವಾಹಿಯ ತುಂಡನ್ನೇ ತಂದು ಅಂಟಿಸಿದ್ದರು. ಅದೇ ಬೆಂಕಿ, ಅದೇ ಬಾಗಿಲು. ಅಕ್ಕ ಸೀಟಿನ ತುದಿಗೆ ಬಂದಳು. ಮುದುಕ ತಿರುಗಿದ. ಅವಳು ಹತ್ತು ವರ್ಷ ನೆನಪಿಟ್ಟುಕೊಂಡಿದ್ದ ತುಟಿಗಳು ಹಾಗೆಯೇ ಅಲ್ಲಾಡಿದವು, ಶುದ್ಧ ತಮಿಳಿನಲ್ಲಿ: "ಇನಿ ನಾನ್ ವರಮಾಟ್ಟೇನ್. ಎನಕ್ಕಾಗ ಕಾತ್ತಿರುಕ್ಕಾದೇ." ಇನ್ನು ನಾನು ಬರುವುದಿಲ್ಲ, ನನಗಾಗಿ ಕಾಯಬೇಡ. ಬಾಗಿಲು ಮುಚ್ಚಿತು. ಆಮೇಲೆ ಕ್ಯಾಪ್ಟನ್ ಅತ್ತಳು. ಒಂದು ಗಂಟೆ ಮೊದಲು ಹಡಗು ತಿರುಗಿಸಿದ್ದರೆ ಅವನು ಉಳಿಯುತ್ತಿದ್ದ, ತಡ ಮಾಡಿ ನಾನೇ ಕೊಂದೆ ಎಂದಳು. ಅದಕ್ಕೂ ತಮಿಳು ಚೆನ್ನಾಗಿತ್ತು.

ಬದಲಾಯಿಸಿದ್ದಾರೆ ಎಂದು ನಾನು ಹೇಳಲಿಲ್ಲ. ಅಕ್ಕ ನನ್ನ ಕಡೆ ಬಾಗಲೂ ಇಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಅಣೆಕಟ್ಟು ಹಿಂದಾಯಿತು. ಹಿನ್ನೀರು ಕಾಣತೊಡಗಿತು. ಸುಳ್ಳು ಯಾಕೆ ಹೇಳಿದೆ ಎಂದು ಕೇಳಲಿ ಎಂದು ಕಾಯುತ್ತಿದ್ದೆ, ಉತ್ತರ ಸಿದ್ಧವಾಗಿತ್ತು. ಅವಳು ಕೇಳಿದ್ದು ಬೇರೆ.

"ಆವತ್ತು ಸೇಲತ್ನಾಗೆ ಆ ಡಾಕ್ಟ್ರು ಏನಂದ್ರು?"

ಅಕ್ಕ, ನಾನು ಹೇಳಿದ್ದೇ ಅಂದರು, ಎಂದೆ. ನೆನ್ನೆಯೇ ತಂದಿದ್ದರೂ ಉಳಿಯುತ್ತಿರಲಿಲ್ಲ ಅಂದರು.

"ಅದು ನೀ ಏಳಿದ್ದು. ಅವ್ರು ಏನಂದ್ರು?"

ನನ್ನ ಭಾಷಾಂತರ ವೃತ್ತಿಯಲ್ಲಿ ಒಂದಕ್ಷರ ಹೆಚ್ಚುಕಡಿಮೆ ಮಾಡದೆ ದಾಟಿಸಿದ ಮಾತು ಅದೊಂದೇ. ಭಾವನ ಆಣೆ ಇಟ್ಟೆ. ಅವಳು ಕೈ ಅಡ್ಡ ಹಿಡಿದಳು; ಆಣೆ ಬೇಡವಂತೆ. ಕಂಡಕ್ಟರ್ ನಮ್ಮಿಬ್ಬರನ್ನೂ ನೋಡಿ ಮುಂದೆ ಹೋದ. ಸೋಡಾ ಕುಡಿಸಿದಾಗ ಎಷ್ಟು ಗಂಟೆಯಾಗಿತ್ತು ಎಂದು ಅವಳು ಕಿಟಕಿಯ ಕಡೆಗೆ ಕೇಳಿದಳು. ನಾಲ್ಕಿರಬೇಕು ಎಂದು ತಾನೇ ಹೇಳಿಕೊಂಡಳು. ನಾಲ್ಕೂವರೆಗೆ ಸೇಲಂ ಬಸ್ಸಿತ್ತು ಎಂದಳು.

ಆ ಡಾಕ್ಟರನ್ನು ಹುಡುಕಲು ಹೋದೆ. ಅವನು ಆ ಆಸ್ಪತ್ರೆ ಬಿಟ್ಟು ಹೋಗಿ ವರ್ಷಗಳೇ ಆಗಿದ್ದವು. ಎಲ್ಲಿಗೆ ಎಂದು ಅಲ್ಲಿದ್ದವರಿಗೆ ತಿಳಿಯದು. ಅಂಥ ಮಾತನ್ನು ಯಾರೂ ಚೀಟಿಯಲ್ಲಿ ಬರೆದುಕೊಡುವುದಿಲ್ಲ.

ಭಾನುವಾರಗಳಂದು ಈಗಲೂ ಹೋಗುತ್ತೇನೆ. ಟೀವಿ ಹಾಕುವುದಿಲ್ಲ. ಊಟ ಬಡಿಸುತ್ತಾಳೆ, ಮಜ್ಜಿಗೆ ಕೊಡುತ್ತಾಳೆ. ನಾಲ್ಕು ಗಂಟೆಯಾಗುತ್ತಿದ್ದಂತೆ ಗಡಿಯಾರದ ಎದುರು ಕುರ್ಚಿ ಎಳೆದುಕೊಂಡು ಕೂರುತ್ತಾಳೆ. ಹೋದ ವಾರ ಮತ್ತೆ ಕೇಳಿದಳು. ನನ್ನಲ್ಲಿ ಬೇರೆ ಸಾಕ್ಷಿ ಇರಲಿಲ್ಲ, ಡಾಕ್ಟರ ಮಾತನ್ನು ಅವನ ಇಂಗ್ಲಿಷಿನಲ್ಲೇ ಹೇಳಿದೆ, ಅವನು ಹೇಳಿದಷ್ಟೇ ಮೆಲ್ಲಗೆ, ಒಂದೂ ಪದ ಬಿಡದೆ. ಅವಳು ಪೂರ್ತಿ ಕೇಳಿದಳು. ಗಾಜುತಲೆಯವರು ಮಾತಾಡುವಾಗ ಪರದೆಯನ್ನು ನೋಡುತ್ತಿದ್ದಂತೆ, ನನ್ನ ತುಟಿಗಳನ್ನೇ ನೋಡುತ್ತ.