ಬಚ್ಚಲಕಲ್ಲಿನ ಪಾಚಿ

ಹಾವೇರಿಯ ನಮ್ಮ ಮನೆಯ ಬಚ್ಚಲಿಗೆ ಟೈಲ್ಸ್ ಹಾಕಿಸೋಣವೆಂದು ಮೊನ್ನೆ ಗೌಂಡಿಯನ್ನು ಕರೆಸಿದೆ. ಆತ ಹಳೇ ಕಲ್ಲಿನ ಮೇಲೆ ಒಂದು ತಂಬಿಗೆ ನೀರು ಸುರುವಿ, "ಎಷ್ಟು ಪಾಚಿ ಕಟ್ಟೇತಿ ನೋಡ್ರಿ ಸರ, ಯಾರೂ ತಿಕ್ಕಂಗಿಲ್ಲೇನು?" ಅಂದ. ಒಳಗಿನಿಂದ ಅವ್ವ ಕೆಮ್ಮಿದಳು. ಈ ಮನೆಯಲ್ಲಿ ಆಡಬಾರದ ಮಾತು ಒಂದಿದ್ದರೆ ಅದು ಅದೇ.

ಕೂಡ್ರಿ, ಆ ಕಲ್ಲಿನ ಕಥೆ ಹೇಳಿಬಿಡುತ್ತೇನೆ. ಬ್ಯಾಡಗಿ ಮೆಣಸಿನಕಾಯಿ ಹೇರಿಕೊಂಡು ಬಾಗಲಕೋಟೆ ಕಡೆ ಹೋದ ಲಾರಿ ಖಾಲಿ ಬರಬಾರದೆಂದು ನಮ್ಮಜ್ಜ ಅದರಲ್ಲಿ ಹಾಸುಗಲ್ಲು ತರಿಸಿದ್ದನಂತೆ. ಒಣಗಿದ್ದಾಗ ಬರೀ ಬೂದುಗಲ್ಲು. ನೀರು ಬಿದ್ದರೆ ಸಾಕು, ಹೆಚ್ಚಿದ ಉಳ್ಳಾಗಡ್ಡಿಯ ಹಾಗೆ ಸುತ್ತುಸುತ್ತಾಗಿ ಹಸಿರುಗಪ್ಪು ಗೆರೆ ಏಳುತ್ತವೆ. ಅದೇ ಹೊತ್ತಿಗೆ ರಾಣೆಬೆನ್ನೂರಿನಿಂದ ಅವ್ವ ಸೊಸೆಯಾಗಿ ಬಂದಳು. ಬಚ್ಚಲ ತಿಕ್ಕುವ ಕೆಲಸ ಅವಳಿಗೆ ಬಂತು. ಗೆರೆ ಮಾತ್ರ ಅವಳ ಅತ್ತೆಯ, ಅಂದರೆ ನಮ್ಮ ಆಯಿಯ ಕಣ್ಣಿಗೆ ಬಿದ್ದವು.

"ರಾಣೆಬೆನ್ನೂರಾಗ ಬಚ್ಚಲಾ ತಿಕ್ಕಾಕ ಕಲಿಸಂಗಿಲ್ಲೇನಬೇ?"

"ಕಲ್ಲಿನ ಬಣ್ಣಾನ ಹಂಗ ಐತ್ರಿ ಅತ್ತಿ."

"ಪಾಚಿ ಅದು. ನನ್ನ ಕಣ್ಣು ಇನ್ನೂ ಹೋಗಿಲ್ಲ."

ಬೂದಿ, ಇಟ್ಟಂಗಿ ಪುಡಿ, ತೆಂಗಿನ ನಾರು, ಕೊನೆಗೆ ಆ್ಯಸಿಡ್ಡೂ ಆಯಿತು. ಅವ್ವನ ಉಗುರು ಸವೆದವು, ಗೆರೆ ಸವೆಯಲಿಲ್ಲ. ಬಂದ ಬೀಗರಿಗೆಲ್ಲ ಆಯಿ ಚಹಾಕ್ಕಿಂತ ಮೊದಲು ಬಚ್ಚಲ ತೋರಿಸುತ್ತಿದ್ದಳು. ಅವ್ವ ಒಲೆ ಮುಂದೆ ಕುಂತು ಅಳುವುದನ್ನು ನಾನೇ ಕಂಡಿದ್ದೇನೆ. ಕಂಡೂ ಇಬ್ಬರ ಮಾತಿಗೂ ಹೂಂ ಅಂದು, ಇಬ್ಬರಿಂದಲೂ ಶೇಂಗಾ ಉಂಡಿ ಗಿಟ್ಟಿಸಿಕೊಂಡೆ.

ಅವ್ವನ ತಮ್ಮ, ನಮ್ಮ ಸೋದರಮಾವ, ಕಾಲೇಜಿನಲ್ಲಿ ಭೂವಿಜ್ಞಾನದ ಮೇಷ್ಟ್ರು. ಒಂದು ದೀಪಾವಳಿಗೆ ಬಂದು ಜಳಕಕ್ಕೆ ಹೋದವನು ಟವೆಲ್ ಸುತ್ತಿಕೊಂಡೇ ಹೊರಗೆ ಓಡಿ ಬಂದ.

"ಅತ್ತಿಯವರ, ಇದು ತಿಕ್ಕಿದ್ರ ಹೋಗೂದಲ್ರಿ, ಕಲ್ಲಿನ ಒಳಗ ಐತಿ. ಕೋಟಿಗಟ್ಲೆ ವರ್ಷದ ಹಿಂದ, ಪ್ರಾಣಿ-ಪಕ್ಷಿ ಹುಟ್ಟೂಕಿಂತ ಮೊದಲ ಸಮುದ್ರದ ದಂಡಿಗೆ ಪದರ ಪದರ ಬೆಳದು ಕಲ್ಲಾಗಿದ್ದು."

ಅವ್ವನ ಮುಖ ಅರಳಿತು. ಮಾವ ಅಲ್ಲಿಗೇ ಬಾಯಿ ಮುಚ್ಚಿದ್ದರೆ ಮುಗಿದುಹೋಗುತ್ತಿತ್ತು. ಮೇಷ್ಟ್ರ ಚಟ ಬಿಡಬೇಕಲ್ಲ.

"ಏನು ಬೆಳದಿದ್ದು?" ಆಯಿ ಕೇಳಿದಳು.

"ಒಂಥರಾ ಪಾಚಿ," ಅಂದ.

ಆಯಿ ತಲೆ ಮೇಲಿನ ಸೆರಗು ಸರಿಮಾಡಿಕೊಂಡಳು. "ಕೇಳಿದೇನಬೇ? ನಿನ್ನ ತಮ್ಮನ ಬಾಯಿಲೇನ ಬಂತು."

"ಕೋಟಿಗಟ್ಲೆ ವರ್ಷದ ಹಿಂದಿಂದಂತ್ರಿ ಅತ್ತಿ," ಅಂದಳು ಅವ್ವ.

"ಮತ್ತ? ಆವಾಗಾವಾಗ ತಿಕ್ಕಿದ್ರ ಇಷ್ಟು ಹಳೇದು ಯಾಕ ಆಗ್ತಿತ್ತು?"

ಮುಂದಿನ ದೀಪಾವಳಿಯವರೆಗೂ ಅವ್ವ ತಮ್ಮನನ್ನು ಮಾತಾಡಿಸಲಿಲ್ಲ.

ಆಯಿ ಹೋಗಿ ಬಹಳ ವರ್ಷಗಳಾದವು. ಮೊನ್ನೆ ಗೌಂಡಿ ಕಲ್ಲು ಕಿತ್ತು ಅಂಗಳಕ್ಕೆ ತಂದಾಗ, ಅವ್ವನಿಗೆ ಪೀಡೆ ತೊಲಗಿದ ಖುಷಿಯಾದೀತು ಅಂದುಕೊಂಡಿದ್ದೆ. ಅವಳು ಅದರ ಮುಂದೆ ಕುಂತು, ನೀರು ಚಿಮುಕಿಸಿ, ಗೆರೆ ಏಳುವವರೆಗೂ ಸೆರಗಿನಿಂದ ಒರೆಸಿದಳು. "ಅಂಗಳದ ನಳದ ಕೆಳಗ ಹಾಕ್ರಿ ಇದನ್ನ," ಅಂದಳು.

"ಹೊಸಾ ಟೈಲ್ಸ್ ಚಂದ ಅದಾವಲ್ಲಬೇ?" ಅಂದೆ.

"ಚಂದ ಅದಾವ. ಆದ್ರ ಅವನ್ನ ನೋಡಿ ನನಗ ಬೈಯೋರು ಯಾರದಾರ?"

ಆಯಿಯ ಮೇಲೆ ಇವಳಿಗೆ ಇಷ್ಟು ಜೀವ ಇತ್ತೆಂದು ನನಗೆ ಗೊತ್ತಿರಲಿಲ್ಲ.

ಈಗ ದಿನಾ ಬೆಳಿಗ್ಗೆ ಆ ಕಲ್ಲು ತಿಕ್ಕುವ ಪಾಳಿ ನನ್ನದು. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಾಳೆ.

"ನೆಟ್ಟಗ ತಿಕ್ಕು," ಅನ್ನುತ್ತಾಳೆ. "ಪಾಚಿ ಹಂಗ ಐತಿ."