ಹದಿನೆಂಟು ಸಾಕ್ಷಿ ಸಹಿಗಳು

ನಮ್ಮ ದೊಡ್ಡಮ್ಮನಿಗೆ ಊರಿನವರು ಇಟ್ಟ ಹೆಸರು ‘ಮಣ್ಣುಗೈ’. ಎಷ್ಟು ತೊಳೆದರೂ ಅವಳ ಉಗುರಿನ ಸಂದಿಯಲ್ಲಿ ಹೊಲದ ಕಪ್ಪು ಉಳಿದೇ ಇರುತ್ತದೆ. ದೊಡ್ಡಪ್ಪ ತೀರಿಕೊಂಡ ಮೇಲೆ ಪಟ್ಟಣದ ಹಲ್ಲು ಡಾಕ್ಟರೊಬ್ಬರ ಆರು ಎಕರೆಯನ್ನು ಬಾಯಿಮಾತಿನ ಗೇಣಿಗೆ ಹಿಡಿದು, ಹದಿನೆಂಟು ವರ್ಷ ಒಬ್ಬಳೇ ಉತ್ತು ಬಿತ್ತಿದಳು. ಟ್ರ್ಯಾಕ್ಟರ್ ಕೆಟ್ಟರೆ ತಾನೇ ಅದರಡಿ ಮಲಗಿ ರಿಪೇರಿ ಮಾಡುತ್ತಿದ್ದಳು. ಡಾಕ್ಟರಿಗೆ ಆ ಹೊಲದ ಬಗ್ಗೆ ಗೊತ್ತಿದ್ದದ್ದು ಒಂದೇ, ಅದು ತಮ್ಮದು ಎಂಬುದು.

ಸರ್ಕಾರ ಸಬ್ಸಿಡಿ ಕೊಡುವುದು ಉಳುವವರಿಗೆ. ಹಾಗಂತ ಅರ್ಜಿಯ ನೆತ್ತಿಯ ಮೇಲೇ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಆದರೂ ಪ್ರತಿ ವರ್ಷ ಡಾಕ್ಟರ್ ಕಾರಿನಲ್ಲಿ ಬಂದು, ‘ಉಳುವವರು’ ಎಂಬಲ್ಲಿ ತಾವು ಸಹಿ ಹಾಕಿ, ಕೆಳಗೆ ‘ಸಾಕ್ಷಿ’ ಎಂಬಲ್ಲಿ ದೊಡ್ಡಮ್ಮನ ಕೈಲಿ ಹಾಕಿಸುತ್ತಿದ್ದರು. ಇವರೇ ಖುದ್ದಾಗಿ ಉಳುತ್ತಾರೆ, ನಾನು ಕಣ್ಣಾರೆ ಕಂಡಿದ್ದೇನೆ ಅಂತ! ಹಾಕದಿದ್ದರೆ ಹೊಲ ಬಿಡಬೇಕು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡರೆ ಸಾಲದು, ಇದು ಹಾವಿನದೇ ಮನೆ ಎಂದು ಗೆದ್ದಲು ಬರೆದುಕೊಡಬೇಕು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಕಡೆಗೊಮ್ಮೆ ಅವಳು ಕೃಷಿ ಕಚೇರಿಯ ಮೆಟ್ಟಿಲು ಹತ್ತಿದಳು. ನಾನೂ ಜೊತೆಗಿದ್ದೆ.

“ಸಾರ್, ಉಳೋದು ನಾನು. ನನ್ನ ಹೆಸರು ಬರ್ಕೊಳ್ಳಿ.”

ಗುಮಾಸ್ತ ಕಡತ ತಿರುವಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿದ: “ಉಳೋದು ಡಾಕ್ಟ್ರು ಅಂತ ಹದಿನೆಂಟು ಸಲ ಬರ್ಕೊಟ್ಟಿರೋರು ಯಾರಮ್ಮ? ನೀವೇ ಅಲ್ವಾ?”

ದೊಡ್ಡಮ್ಮ ತನ್ನದೇ ಸಹಿಗಳನ್ನು ನೋಡುತ್ತಾ ನಿಂತಳು. ಆಮೇಲೆ ಅವನೇ ದೊಡ್ಡ ಉಪಕಾರ ಮಾಡುವವನಂತೆ, “ಈ ವರ್ಷ ಸಾಹೇಬ್ರು ತನಿಖೆಗೆ ಬರ್ತಾರೆ. ಯಾರು ಉಳೋರು ಅಂತ ಹೊಲದಲ್ಲೇ ಗೊತ್ತಾಗುತ್ತೆ ಬಿಡಿ” ಎಂದ.

ಅಷ್ಟು ಸಾಕಾಯಿತು ಅವಳಿಗೆ. ಆ ವರ್ಷ ಎಂದಿನ ಗೋಧಿ ಬಿಟ್ಟು ಬಟಾಣಿ ಬಿತ್ತಿದಳು, ಡಾಕ್ಟರಿಗೆ ತಿಳಿಸಲೇ ಇಲ್ಲ.

“ಏನು ಬೆಳೆ ಅಂತ ಕೇಳ್ತಾರಲ್ಲ, ಆಗ ನೋಡು. ಬಾಯಿ ಬಿಟ್ರೆ ಬಣ್ಣಗೇಡು. ಊರೋರ ಬಾಯೆಲ್ಲ ನೋಡೋ ಡಾಕ್ಟ್ರ ಬಾಯಿ ನಾನು ನೋಡ್ತೀನಿ” ಎಂದು ನಕ್ಕಳು.

ಡಾಕ್ಟರ ಕಾರಿನ ಹಿಂದೆಯೇ ತನಿಖೆ ಸಾಹೇಬರ ಜೀಪು ಬಂತು. ಹೊಲ ಹಸಿಯಾಗಿತ್ತು, ಅವರ ಬೂಟು ಹೊಳೆಯುತ್ತಿತ್ತು. ಅವರು ಇಳಿಯಲೇ ಇಲ್ಲ.

“ಏನು ಬೆಳೆ ಡಾಕ್ಟ್ರೇ?”

“ಗೋಧಿ.”

ಮೊಣಕಾಲೆತ್ತರದ ಬಟಾಣಿ ಬಿಳಿ ಹೂ ಬಿಟ್ಟು ನಿಂತಿತ್ತು. ಸಾಹೇಬರು ಕಿಟಕಿಯಿಂದ ಅದನ್ನೇ ನೋಡಿ, “ಚೆನ್ನಾಗಿ ಬಂದಿದೆ” ಎಂದು, ಗೋಧಿ ಅಂತಲೇ ಬರೆದುಕೊಂಡರು. ಅನ್ನ ತಿನ್ನುವ ಮನುಷ್ಯರೇ ಇವರು?

“ಸಾರ್, ಅದು ಬಟಾಣಿ! ಇಳಿದು ನೋಡಿ!” ದೊಡ್ಡಮ್ಮ ಕೂಗಿದಳು.

“ಬರೆದಾಯ್ತಲ್ಲಮ್ಮ. ಸಾಕ್ಷಿ ಸಹಿ ಹಾಕಿ, ಹೊತ್ತಾಯ್ತು.”

ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. “ಈ ಕೈ ಇನ್ನು ಸುಳ್ಳು ಬರೆಯಲ್ಲ.”

ಡಾಕ್ಟರ್ ಸುತ್ತ ಕಣ್ಣಾಡಿಸಿದರು. ಬದುವಿನ ಮೇಲೆ ನಿಂತಿದ್ದ ನನ್ನಪ್ಪನನ್ನು, ಅವಳ ಸ್ವಂತ ಮೈದುನನನ್ನು, ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿದರು. ಅಪ್ಪ ಅತ್ತಿಗೆಯ ಮುಖ ನೋಡಲಿಲ್ಲ. ಪೆನ್ನು ತೆಗೆದುಕೊಂಡ.

ಅವಳು ಬಿತ್ತಿದ ಬಟಾಣಿಯನ್ನು ಬಿಡಿಸಿದವರು ನಾವು. ಹೊಲ ಈಗ ನಮ್ಮ ಕೈಯಲ್ಲಿದೆ. ದೊಡ್ಡಮ್ಮ ಅದೇ ಬದುವಿನ ಮೇಲೆ ಹಾದು ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ, ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ಡಾಕ್ಟರನ್ನೂ ಸಾಹೇಬರನ್ನೂ ನಾನು ಸಿಕ್ಕಸಿಕ್ಕವರ ಮುಂದೆ ಬಾಯಿಗೆ ಬಂದ ಹಾಗೆ ಬೈಯುತ್ತೇನೆ. ಅಪ್ಪನಿಗೆ ಈಚೆಗೆ ಕೈ ನಡುಗುತ್ತದೆ. ಮೊನ್ನೆ ಡಾಕ್ಟರ್ ಅರ್ಜಿ ಹಿಡಿದು ಬಂದಾಗ ಸಾಕ್ಷಿ ಸಹಿ ಹಾಕಿದ್ದು ನಾನು.