ಜೋಗೇಶ್ವರಿಯಲ್ಲಿ ಕರೆದ ಸಭೆ

ನಾನು ಮುಂಬಯಿಯ ನಗರ ಯೋಜನೆಯ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಾಗ ನಮ್ಮ ಸಾಹೇಬರು ಉಡುಪಿ ಕಡೆಯವರು. ಮಾತಾಡುವ ಮೊದಲು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತಿದ್ದರು. "ಯಾರಿಗೆ ಕಾಯ್ಲಿಕ್ಕೆ ಆಗೂದಿಲ್ವೋ ಅವರದ್ದು ಮೊದ್ಲು, ಮಾರಾಯ್ರೆ" ಎನ್ನುವುದು ಅವರು ಸದಾ ಹೇಳುತ್ತಿದ್ದ ಮಾತು.

ಎಪ್ಪತ್ತರ ದಶಕದಲ್ಲಿ ಮುಂಬಯಿಯ ಕಟ್ಟಡ ನಿಯಮಗಳನ್ನು ಬದಲಿಸಲು ಹೊರಟಾಗ ಅದಕ್ಕೆಂದು ನೇಮಿಸಿದ, ನಮ್ಮ ಸಾಹೇಬರೇ ಕಾರ್ಯದರ್ಶಿಯಾಗಿದ್ದ ಸಮಿತಿಗೆ ಎತ್ತರದ ಬಿಲ್ಡಿಂಗುಗಳ ನಿಯಮವೇ ಮೊದಲು ಬೇಕಿತ್ತು. ಮನೆಗಳ ನಡುವೆ ಕಾರ್ಖಾನೆ ಇರಬಾರದೆಂಬ ನಿಯಮವನ್ನು ಕೊನೆಗೆ ತಳ್ಳಿದರು. ಸಾಹೇಬರು ವಾದಿಸಲಿಲ್ಲ. ಮುಂದಿನ ಸಭೆಯನ್ನು ಉಪನಗರ ಜೋಗೇಶ್ವರಿಯ ಒಂದು ಚಾಳಿನ, ಅಂದರೆ ಬಡವರ ಸಾಲುಮನೆಗಳ ವಠಾರದ, ಅಂಗಳದಲ್ಲಿ, ಬಣ್ಣದ ಕಾರ್ಖಾನೆಯ ಪಕ್ಕದಲ್ಲೇ ಕರೆದರು.

ಹೊಗೆಗೆ ಸಮಿತಿಯ ಅಧ್ಯಕ್ಷರು ಕೆಮ್ಮತೊಡಗಿದರು. ಚಾಳಿನಲ್ಲಿದ್ದ ವಿಜಾಪುರದ ಅಜ್ಜಿಯೊಬ್ಬರು ಅವರಿಗೆ ನೀರು ತಂದುಕೊಟ್ಟು, "ಕುಡೀರಿ ಸಾಹೇಬ್ರ. ನಮ್ಮ ಕೂಸುಗೋಳು ದಿನಾ ಹಿಂಗ ಕೆಮ್ಮತಾವ್ರಿ" ಎಂದರು. ನಮ್ಮ ಸಾಹೇಬರು ಅದನ್ನು ಅಧ್ಯಕ್ಷರಿಗೆ ಮರಾಠಿಯಲ್ಲಿ ಹೇಳಿದರು. ಅಧ್ಯಕ್ಷರು ನೀರು ಕುಡಿದು, "ಈ ಕಾರ್ಖಾನೆ ನಿಯಮವನ್ನೇ ಮೊದಲು ತಗೊಳ್ಳಿ" ಎಂದುಬಿಟ್ಟರು.

ನಿಯಮ ಜಾರಿಗೆ ಬಂದ ಕೆಲವು ತಿಂಗಳಲ್ಲಿ ಆ ಕಾರ್ಖಾನೆ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿಗೆ ಹೋಯಿತು. ನಾವು ಮತ್ತೆ ಚಾಳನ್ನು ನೋಡಲು ಹೋದಾಗ ಹೆಂಗಸರು ಮಸಿಯ ಭಯವಿಲ್ಲದೆ ಮೊದಲ ಸಲ ಬಟ್ಟೆಗಳನ್ನು ಹೊರಗೆ ಒಣಹಾಕಿದ್ದರು. ಗಲ್ಲಿಯುದ್ದಕ್ಕೂ ಒದ್ದೆ ಸೀರೆಗಳು ಅಡ್ಡವಾಗಿದ್ದವು. ಸಾಹೇಬರು ಒಂದನ್ನೂ ಸರಿಸದೆ, ಬಗ್ಗಿ ಬಗ್ಗಿ, ತಲೆಯಿಂದ ನೀರಿಳಿಯುತ್ತಿದ್ದರೂ ನಗುತ್ತ ಆ ತುದಿಯವರೆಗೂ ನಡೆದರು.